ಎಕ್ಕಂಬಿಯಲ್ಲಿ ಯಾರಿಗೂ ಬಾರದ ಘಮ

ಬೆಂಗಳೂರಿನ ಭಾವ ತಂದುಕೊಟ್ಟ ಸೆಂಟಿನ ಶೀಸೆ ಇದು. ಪ್ಯಾರಿಸ್ಸಿನ ಗೆರ್ಲಾನ್ ಕಂಪನಿಯ ‘ವೆಟಿವರ್’. ಝಾಂ ಪೋಲ್ ಗೆರ್ಲಾನ್ 1960ರ ಆಸುಪಾಸಿನಲ್ಲಿ, ಇನ್ನೂ 25 ತುಂಬುವ ಮೊದಲೇ ಕೂಡಿಸಿದ ಪರಿಮಳ. ಗಂಡಸರ ತಾಜಾ ಸುಗಂಧಗಳ ಮಾತು ಬಂದಾಗ ಇಂದಿಗೂ ಇದರ ಹೆಸರು ಬರುತ್ತದೆ. ಹೆಸರು ಮಾತ್ರ ನಮ್ಮ ಕಡೆಯದೇ: ತಮಿಳಿನ ವೆಟ್ಟಿವೇರು ಫ್ರೆಂಚರ ಬಾಯಲ್ಲಿ ವೆಟಿವರ್ ಆಯಿತು. ನಮಗದು ಲಾವಂಚ.

ಜುಲೈ ತಿಂಗಳ ಒಂದು ಮುಂಜಾನೆ ಬಿಸಿನೀರು ಮಿಂದು, ಕುತ್ತಿಗೆಗೆ ಒಂದು, ಅಂಗಿಗೆ ಒಂದು ಸಲ ಸಿಂಪಡಿಸಿಕೊಂಡೆ. ಮೊದಲು ಹಾರಿ ಬಂದದ್ದು ನಿಂಬೆ ಸಿಪ್ಪೆ ಚಿವುಟಿದಂಥ ಚುರುಕು. ಅದಕ್ಕೆ ಆಯುಸ್ಸು ಕಡಿಮೆ. ಹಗುರ ಕಣಗಳು ಮೊದಲು ಆವಿಯಾಗುತ್ತವೆ. ಆಸರಿ ಕುಡಿದು ಮುಗಿಸುವುದರೊಳಗೆ ಅದು ಹೋಗಿ ಜಾಯಿಕಾಯಿ, ಕಾಳುಮೆಣಸು ಎದ್ದವು, ಹಿಂದೆಯೇ ಒಣ ಹೊಗೆಸೊಪ್ಪಿನ ಒಗರು. ಜಾಯಿಕಾಯಿ, ಮೆಣಸು ಎರಡೂ ನಮ್ಮ ಅಡಿಕೆ ತೋಟದಲ್ಲೇ ಬೆಳೆಯುತ್ತವೆ ಎಂದು ಪ್ಯಾರಿಸ್ಸಿಗೆ ಹೇಳುವವರು ಯಾರು! ಕಡೆಗೆ ಉಳಿಯುವುದು ಲಾವಂಚ. ಅದರ ಎಣ್ಣೆ ಜೋನಿಬೆಲ್ಲದ ಹಾಗೆ ಮಂದ, ಆರುವುದು ನಿಧಾನ. ಭಟ್ಟಿಯಲ್ಲಿ ಬೇರು ಬಿಟ್ಟುಕೊಡುವುದೂ ನಿಧಾನವೇ, ಗಂಟೆಗಟ್ಟಲೆ ಹಬೆ ಹಾಯಿಸಬೇಕು. ಜಗತ್ತಿನ ಸುಗಂಧದ ಕಂಪನಿಗಳಿಗೆ ಈಗ ಹೆಚ್ಚಾಗಿ ಹೈಟಿ ದೇಶದಿಂದ ಈ ಎಣ್ಣೆ ಹೋಗುತ್ತದೆ.

ಆದರೆ ನಮ್ಮೂರು ಎಕ್ಕಂಬಿಯ ಬಸ್ ಸ್ಟಾಪಿನಲ್ಲಿ ಅರ್ಧ ತಾಸು ನಿಂತರೂ ಒಬ್ಬರೂ ಮೂಗರಳಿಸಲಿಲ್ಲ. ಸಿಟ್ಟೇ ಬಂತು, ಅಷ್ಟು ದುಬಾರಿ ಮಾಲು! ಯೋಚಿಸಿದರೆ ತಪ್ಪು ಅವರದಲ್ಲ. ಮಳೆಗಾಲದ ಎಕ್ಕಂಬಿ ಇಡೀ ಊರೇ ಲಾವಂಚದ ಹಾಗಿರುತ್ತದೆ. ತೊಯ್ದ ಕೆಮ್ಮಣ್ಣು, ಕೊಳೆತ ದರಕು, ಪಾಚಿ ಹಿಡಿದ ಕಲ್ಲು, ಕಿತ್ತ ಹುಲ್ಲಿನ ಬೇರು. ದಿನವಿಡೀ ಒಂದೇ ವಾಸನೆಯಲ್ಲಿರುವ ಮೂಗು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲಾಗಿ ಚಳಿಗೆ ಸುಗಂಧ ಮೈಬಿಟ್ಟು ಏಳುವುದೇ ಕಡಿಮೆ.

ಹುಬ್ಬಳ್ಳಿ ಬಸ್ಸು ಮುಂಡಗೋಡ ದಾಟಿತು, ಮಳೆ ಹಿಂದೆ ಉಳಿಯಿತು. ಜನ ಒತ್ತಿ ಕೂತು ಮೈ ಬೆಚ್ಚಗಾದಂತೆ ನನ್ನ ಕಾಲರಿನಿಂದಲೇ ಘಮ ಎದ್ದು ಬಂತು. ಮಣ್ಣಿನದಾದರೂ ಸ್ವಚ್ಛ, ಇಸ್ತ್ರಿ ಹಾಕಿದ ಮಣ್ಣು ಅನ್ನಿ. ಹುಬ್ಬಳ್ಳಿಯ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದ ಹಿರಿಯರು ತಲೆ ಎತ್ತಿದರು: “ಏನ್ರೀ ಸರ, ಲಾವಂಚದ ನೀರ ಹಾಕ್ಕೊಂಡ ಬಂದೀರೇನು?” ಬೆಳಿಗ್ಗೆ ಏಳಕ್ಕೆ ಹಾಕಿಕೊಂಡದ್ದು, ಹನ್ನೊಂದು ದಾಟಿತ್ತು.

ನನ್ನ ಕೇಳಿದರೆ ಇದು ಬಯಲುಸೀಮೆಗೆ ಹೋಗುವ ದಿನದ ಸೆಂಟು, ಇಲ್ಲವೇ ಏಪ್ರಿಲ್ಲಿನದು. ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡಕ್ಕೆ ಲಾವಂಚದ ಬೇರು ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಮಳೆಗಾಲದಲ್ಲಿ ಅದನ್ನು ಯಾರೂ ಹಾಕುವುದಿಲ್ಲ.

ರಾತ್ರಿ ಮನೆಗೆ ಬಂದು ಅಂಗಿಯನ್ನು ಗೂಟಕ್ಕೆ ಹಾಕಿದೆ. ಮರುದಿನ ಒಗೆಯಲು ತೆಗೆದುಕೊಂಡ ಅಮ್ಮ ಮೂಗಿಗೆ ಹಿಡಿದಳು. ಅವಳ ಪಟ್ಟೆಸೀರೆಗಳ ನಡುವೆ ನುಸಿ ಬಾರದಿರಲೆಂದು ಲಾವಂಚದ ಕಟ್ಟೊಂದು ಎಷ್ಟೋ ವರ್ಷದಿಂದ ಇದೆ.

“ತಮಾ, ನನ್ನ ಪೆಟ್ಟಿಗೆ ತೆಗದ್ಯನಾ?”