ಟೋನಿ ಯಾರಿಗೆ? ಭವಿಷ್ಯ ಹೇಳೋದು ಬೇಡ, ಲೆಕ್ಕ ಹಾಕೋಣ

ಎಲೆಕ್ಷನ್ ಬಂತು ಅಂದ್ರೆ ನಮ್ಮ ಸ್ಟುಡಿಯೋಗಳಲ್ಲಿ ಏನೇನಾಗುತ್ತೆ ಅಂತ ನಿಮಗೆ ಚೆನ್ನಾಗಿ ಗೊತ್ತು. ಆ ಪಕ್ಷಕ್ಕೆ ಇಷ್ಟು, ಈ ಪಕ್ಷಕ್ಕೆ ಇಷ್ಟು, ಮಧ್ಯದಲ್ಲಿ ಒಬ್ಬರು ಜ್ಯೋತಿಷಿ, ಪಕ್ಕದಲ್ಲಿ ಒಬ್ಬರು ವಿಶ್ಲೇಷಕರು. ಇದೇ ಹುಚ್ಚು ನಾಟಕಗಳ ಬಗ್ಗೆ ಇರುವ ಊರೊಂದಿದೆ. ನ್ಯೂಯಾರ್ಕ್! ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಅಲ್ಲಿನ ರಂಗಭೂಮಿಯವರ ಬಾಯಲ್ಲಿ ಒಂದೇ ಪ್ರಶ್ನೆ. ಈ ಸಲ ಟೋನಿ ಯಾರಿಗೆ?

ಸಿನಿಮಾಕ್ಕೆ ಆಸ್ಕರ್ ಹೇಗೋ, ಬ್ರಾಡ್‌ವೇ ನಾಟಕಗಳಿಗೆ ಟೋನಿ ಹಾಗೆ. ನಟಿ, ನಿರ್ದೇಶಕಿ ಆಂಟೊನೆಟ್ ಪೆರಿ ಅವರ ನೆನಪಿನಲ್ಲಿ 1947ರಲ್ಲಿ ಶುರುವಾದ ಪ್ರಶಸ್ತಿ ಇದು. ಈಗ 26 ವಿಭಾಗಗಳಲ್ಲಿ ಸ್ಪರ್ಧೆ ನಡೆಯುತ್ತೆ. ಈ 26ರಲ್ಲಿ ಯಾರು ಗೆಲ್ತಾರೆ ಅಂತ ಮೊದಲೇ ಹೇಳೋಕೆ ಸಾಧ್ಯವಾ? ಸ್ವಲ್ಪ ಮಟ್ಟಿಗೆ ಸಾಧ್ಯ. ಎಷ್ಟು ಮಟ್ಟಿಗೆ, ಯಾಕೆ ಅಷ್ಟಕ್ಕೇ ನಿಲ್ಲುತ್ತೆ ಅನ್ನೋದನ್ನ ಇವತ್ತು ನೋಡೋಣ.

ಮೊದಲನೇ ಪಾಠ, ರೂಲ್ ಬುಕ್ ಓದಿ. ನ್ಯೂಯಾರ್ಕ್‌ನಲ್ಲಿ ನಡೆಯೋ ಎಲ್ಲಾ ನಾಟಕಕ್ಕೂ ಟೋನಿ ಸಿಗೋದಿಲ್ಲ. 500 ಅಥವಾ ಅದಕ್ಕಿಂತ ಹೆಚ್ಚು ಸೀಟು ಇರುವ, ಬ್ರಾಡ್‌ವೇ ಅಂತ ಗುರುತಿಸಲಾದ 41 ಥಿಯೇಟರ್‌ಗಳಲ್ಲಿ ಆಡಿದ್ರೆ ಮಾತ್ರ ಅರ್ಹತೆ. ನಟನ ಹೆಸರು ಪೋಸ್ಟರ್‌ನಲ್ಲಿ ನಾಟಕದ ಹೆಸರಿಗಿಂತ ಮೇಲಿದ್ರೆ ಸಾಮಾನ್ಯವಾಗಿ ಮುಖ್ಯ ನಟ, ಕೆಳಗಿದ್ರೆ ಪೋಷಕ ನಟ. ಇದನ್ನ ಬದಲಾಯಿಸೋ ಅಧಿಕಾರ ಟೋನಿ ಆಡಳಿತ ಸಮಿತಿಗೆ ಇದೆ. 'ಹೆಡ್‌ವಿಗ್ ಅಂಡ್ ದಿ ಆಂಗ್ರಿ ಇಂಚ್' ಬ್ರಾಡ್‌ವೇಗೆ ಮೊದಲ ಸಲ ಬಂದಿದ್ದು 2014ರಲ್ಲಿ. ಆದ್ರೆ 1998ರಿಂದಲೇ ಚಿಕ್ಕ ಥಿಯೇಟರ್‌ನಲ್ಲಿ ಆಡಿ ಹೆಸರು ಮಾಡಿತ್ತು. ಹಾಗಾಗಿ ಅದು 'ಹೊಸ ನಾಟಕ' ಅಲ್ಲ, 'ಮರುಪ್ರಯೋಗ' ಅಂತ ಸ್ಪರ್ಧಿಸಿತು, ಗೆದ್ದೂ ಬಿಟ್ಟಿತು. ಅಂದ್ರೆ ಯಾರ ಎದುರು ಯಾರು ನಿಲ್ತಾರೆ ಅನ್ನೋದು ವೇದಿಕೆ ಮೇಲೆ ತೀರ್ಮಾನ ಆಗೋಕೆ ಮುಂಚೆ ಮೀಟಿಂಗ್ ರೂಮಿನಲ್ಲಿ ತೀರ್ಮಾನ ಆಗಿರುತ್ತೆ. ಕ್ಷೇತ್ರ ಯಾವುದು ಅಂತ ಗೊತ್ತಿಲ್ಲದೆ ಸೀಟು ಎಣಿಸೋಕಾಗುತ್ತಾ?

ಎರಡನೇದು, ನಾಮನಿರ್ದೇಶನ ಬೇರೆ, ಗೆಲುವು ಬೇರೆ. ಇಲ್ಲೇ ಬಹಳ ಜನ ಎಡವೋದು. ನಾಮಿನಿಗಳನ್ನ ಆರಿಸೋದು ಕೆಲವೇ ಡಜನ್ ಜನರ ಸಮಿತಿ. ಆ ಸೀಸನ್‌ನ ಅರ್ಹ ನಾಟಕಗಳನ್ನೆಲ್ಲ ನೋಡೋದು ಅವರ ಕೆಲಸ. ನಂತರ ಗುಪ್ತ ಮತದಾನ. ಆದ್ರೆ ವಿಜೇತರನ್ನ ಆರಿಸೋದು 800ರ ಆಸುಪಾಸಿನ ಬೇರೆ ದೊಡ್ಡ ಗುಂಪು. ಅದರಲ್ಲಿ ನಿರ್ಮಾಪಕರು, ಥಿಯೇಟರ್ ಮಾಲೀಕರು, ನಟರ ಸಂಘದವರು, ನಾಟಕಕಾರರು, ನಿರ್ದೇಶಕರು, ವಿನ್ಯಾಸಕಾರರು, ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಈ ನಾಟಕಗಳ ಟೂರ್ ಮಾಡಿಸೋರು ಎಲ್ಲ ಇರ್ತಾರೆ. ಎರಡು ಗುಂಪು, ಎರಡು ಮನಸ್ಸು. ಒಂದೇ ಫಾರ್ಮುಲಾ ಇಟ್ಟುಕೊಂಡು ಎರಡನ್ನೂ ಊಹಿಸೋಕೆ ಹೋದ್ರೆ ಕೈ ಸುಡುತ್ತೆ.

ಸಣ್ಣ ಸಮಿತಿ ದುಡ್ಡಿನ ಸದ್ದಿಗೆ ಬಗ್ಗೋದಿಲ್ಲ ಅನ್ನೋಕೆ 2025 ಸಾಕ್ಷಿ. ಆ ಸೀಸನ್‌ನಲ್ಲಿ ಶೇಕ್ಸ್‌ಪಿಯರ್‌ನ 'ಒಥೆಲೋ' ಬಂತು. ಡೆಂಜೆಲ್ ವಾಷಿಂಗ್ಟನ್ ಒಥೆಲೋ, ಜೇಕ್ ಜಿಲೆನ್‌ಹಾಲ್ ಇಯಾಗೋ. ದುಬಾರಿ ಸೀಟಿನ ಟಿಕೆಟ್ 900 ಡಾಲರ್ ದಾಟಿತ್ತು! ಒಂದೇ ವಾರಕ್ಕೆ 28 ಲಕ್ಷ ಡಾಲರ್ ಕಲೆಕ್ಷನ್. ಟೋನಿ ನಾಮನಿರ್ದೇಶನ ಎಷ್ಟು ಬಂತು? ಸೊನ್ನೆ. ಒಂದೇ ಒಂದು ವಿಭಾಗದಲ್ಲೂ ಇಲ್ಲ. ಗಲ್ಲಾಪೆಟ್ಟಿಗೆ ನೋಡಿ ನಾಮಿನಿ ಪಟ್ಟಿ ಬರೆದವರಿಗೆಲ್ಲ ಆ ದಿನ ಬೆವರು ಬಂದಿರುತ್ತೆ.

ಸರಿ, ನಾಮಿನೇಷನ್ ಪಟ್ಟಿ ಬಂತು ಅಂದ್ಕೊಳ್ಳಿ. ಈಗ ಗೆಲ್ಲೋರು ಯಾರು? ಎಲ್ಲರೂ ಹೇಳೋ ಸುಲಭದ ಸೂತ್ರ ಒಂದಿದೆ: "ಯಾವುದಕ್ಕೆ ಅತಿ ಹೆಚ್ಚು ನಾಮಿನೇಷನ್ ಸಿಕ್ಕಿದೆಯೋ, ಅತ್ಯುತ್ತಮ ಮ್ಯೂಸಿಕಲ್ ಪ್ರಶಸ್ತಿ ಅದಕ್ಕೇ." ಇಂಜಿನಿಯರಿಂಗ್ ಓದಿದವರಿಗೆ ಒಂದು ಚಟ, ಸೂತ್ರ ಕೊಟ್ಟರೆ ಡೇಟಾ ಹಾಕಿ ನೋಡೋದು. ಹಾಕೋಣ.

2011ರಲ್ಲಿ 'ದಿ ಬುಕ್ ಆಫ್ ಮಾರ್ಮನ್' 14 ನಾಮಿನೇಷನ್, ಗೆದ್ದಿತು. 2012ರಲ್ಲಿ 'ವನ್ಸ್' 11, ಗೆದ್ದಿತು. 2013ರಲ್ಲಿ 'ಕಿಂಕಿ ಬೂಟ್ಸ್' 13, ಗೆದ್ದಿತು. 2014ರಲ್ಲಿ 'ಎ ಜೆಂಟಲ್‌ಮ್ಯಾನ್ಸ್ ಗೈಡ್' 10, ಅದೂ ಗೆದ್ದಿತು. 2015ರಲ್ಲಿ 12 ನಾಮಿನೇಷನ್‌ನೊಂದಿಗೆ ಜಂಟಿ ಮೊದಲ ಸ್ಥಾನದಲ್ಲಿದ್ದ 'ಫನ್ ಹೋಮ್' ಗೆದ್ದಿತು. 2016ರಲ್ಲಿ 'ಹ್ಯಾಮಿಲ್ಟನ್' 16 ನಾಮಿನೇಷನ್‌ನ ದಾಖಲೆ ಮಾಡಿ 11 ಪ್ರಶಸ್ತಿ ಬಾಚಿಕೊಂಡಿತು. ಆರಕ್ಕೆ ಆರು! ಇಷ್ಟಾದ ಮೇಲೆ ಯಾರು ತಾನೇ ಸೂತ್ರವನ್ನ ನಂಬೋದಿಲ್ಲ?

ನಂಬಿದವರ ಕಥೆ ಮುಂದೆ ಕೇಳಿ. 2017ರಲ್ಲಿ 12 ನಾಮಿನೇಷನ್ ಇದ್ದ 'ದಿ ಗ್ರೇಟ್ ಕಾಮೆಟ್' ಸೋತು, 9 ಇದ್ದ 'ಡಿಯರ್ ಇವಾನ್ ಹ್ಯಾನ್ಸನ್' ಗೆದ್ದಿತು. 2018ರಲ್ಲಿ 'ಮೀನ್ ಗರ್ಲ್ಸ್', 'ಸ್ಪಾಂಜ್‌ಬಾಬ್' ಎರಡಕ್ಕೂ 12. 11 ಇದ್ದ 'ದಿ ಬ್ಯಾಂಡ್ಸ್ ವಿಸಿಟ್' ಅದರಲ್ಲಿ 10 ಗೆದ್ದುಕೊಂಡು ಹೋಯ್ತು. 'ಮೀನ್ ಗರ್ಲ್ಸ್' ಬರಿಗೈ. ಕೋವಿಡ್‌ನಿಂದ ತಡವಾಗಿ 2021ರಲ್ಲಿ ನಡೆದ ಸಮಾರಂಭದಲ್ಲಿ 15 ಇದ್ದ 'ಜ್ಯಾಗ್ಡ್ ಲಿಟಲ್ ಪಿಲ್' ಸೋತು 'ಮುಲಾ ರೂಜ್' ಗೆದ್ದಿತು. 2023ರಲ್ಲಿ 13 ಇದ್ದ 'ಸಮ್ ಲೈಕ್ ಇಟ್ ಹಾಟ್' ಸೋತಿತು, ಬರೀ 8 ಇದ್ದ 'ಕಿಂಬರ್ಲಿ ಅಕಿಂಬೊ' ಗೆದ್ದಿತು. 2024ರಲ್ಲಿ 13 ಇದ್ದ 'ಹೆಲ್ಸ್ ಕಿಚನ್' ಸೋತು 12 ಇದ್ದ 'ದಿ ಔಟ್‌ಸೈಡರ್ಸ್' ಗೆದ್ದಿತು. 2017ರಿಂದ 2025ರವರೆಗೆ ನಡೆದ ಎಂಟು ಸಮಾರಂಭಗಳಲ್ಲಿ ಸೂತ್ರ ಕೆಲಸ ಮಾಡಿದ್ದು ಮೂರೇ ಸಲ. 2019ರ 'ಹೇಡ್ಸ್‌ಟೌನ್', 2022ರ 'ಎ ಸ್ಟ್ರೇಂಜ್ ಲೂಪ್', ಮತ್ತೆ 2025ರಲ್ಲಿ ಮೂವರ ಜಂಟಿ ಮೊದಲ ಸ್ಥಾನದಲ್ಲಿದ್ದ 'ಮೇಬಿ ಹ್ಯಾಪಿ ಎಂಡಿಂಗ್'.

ಒಟ್ಟು 14ರಲ್ಲಿ 9. ಸೂತ್ರ ಪೂರ್ತಿ ಸುಳ್ಳಲ್ಲ. ಆದ್ರೆ ಆರು ಸಲ ಸತತವಾಗಿ ಸರಿ ಬಂದಿದ್ದನ್ನ ನೋಡಿ ಅದನ್ನ ನಿಯಮ ಅಂದುಕೊಂಡವರು ನಂತರದ ಎಂಟರಲ್ಲಿ ಐದು ಸಲ ಬಿದ್ದರು. ನಾಲ್ಕು ವರ್ಷ ಚೆನ್ನಾಗಿ ಮಳೆ ಬಂತು ಅಂತ ಐದನೇ ವರ್ಷ ಕೆರೆ ಹೂಳು ತೆಗೆಸದೇ ಇರೋಕಾಗುತ್ತಾ?

ಇನ್ನೊಂದು ನಂಬಿಕೆ ಇದೆ. ಟೋನಿ ಗಡುವು ಇರೋದು ಏಪ್ರಿಲ್ ಕೊನೆಗೆ. ಆದ್ರಿಂದ ಮತದಾರರ ನೆನಪಿನಲ್ಲಿ ಹಸಿಯಾಗಿ ಇರ್ಬೇಕು ಅಂದ್ರೆ ಏಪ್ರಿಲ್‌ನಲ್ಲೇ ಓಪನ್ ಆಗ್ಬೇಕು ಅಂತ. ಇದಕ್ಕೇ ಮಾರ್ಚ್-ಏಪ್ರಿಲ್‌ನಲ್ಲಿ ನಾಟಕಗಳ ನೂಕುನುಗ್ಗಲು. ಆದ್ರೆ ಗೆದ್ದವರನ್ನ ನೋಡಿ. 'ಹ್ಯಾಮಿಲ್ಟನ್' ಆಗಸ್ಟ್‌ನಲ್ಲಿ ಬಂದಿದ್ದು. 'ಮುಲಾ ರೂಜ್' ಜುಲೈ. 'ದಿ ಬ್ಯಾಂಡ್ಸ್ ವಿಸಿಟ್', 'ಕಿಂಬರ್ಲಿ ಅಕಿಂಬೊ', 'ಮೇಬಿ ಹ್ಯಾಪಿ ಎಂಡಿಂಗ್' ಮೂರೂ ನವೆಂಬರ್. 'ಡಿಯರ್ ಇವಾನ್ ಹ್ಯಾನ್ಸನ್' ಡಿಸೆಂಬರ್. 2016ರಿಂದ 2025ರವರೆಗಿನ ಒಂಬತ್ತು ವಿಜೇತರಲ್ಲಿ ಏಪ್ರಿಲ್‌ನಲ್ಲಿ ಬಂದವರು ಮೂರೇ. ತಡವಾಗಿ ಬರೋದಕ್ಕಿಂತ ಮುಖ್ಯವಾದದ್ದು ಜೂನ್‌ವರೆಗೆ ಉಸಿರು ಹಿಡಿದು ಬದುಕಿರೋದು. 2010ರ ಅಕ್ಟೋಬರ್ ಕೊನೆಗೆ ಶುರುವಾದ 'ದಿ ಸ್ಕಾಟ್ಸ್‌ಬರೋ ಬಾಯ್ಸ್' ಡಿಸೆಂಬರ್‌ನಲ್ಲೇ ಬಾಗಿಲು ಹಾಕಿತು. ಮುಂದಿನ ವರ್ಷ ಅದಕ್ಕೆ 12 ನಾಮಿನೇಷನ್ ಬಂತು. ಪ್ರಶಸ್ತಿ ಒಂದೂ ಇಲ್ಲ. ವಿಭಾಗದ ಎಲ್ಲಾ ನಾಮಿನಿಗಳನ್ನ ನೋಡಿದವರಷ್ಟೇ ಆ ವಿಭಾಗದಲ್ಲಿ ಓಟು ಹಾಕ್ಬೇಕು ಅನ್ನೋದು ಈಗಿನ ನಿಯಮ. ಮುಚ್ಚಿದ ನಾಟಕವನ್ನ ನೋಡೋದೆಲ್ಲಿ?

ಹಾಗಾದ್ರೆ ಸೆಮಿಫೈನಲ್ ನೋಡಿ ಫೈನಲ್ ಹೇಳಬಹುದಾ? ಟೋನಿಗೆ ಮುಂಚೆ ಡ್ರಾಮಾ ಡೆಸ್ಕ್, ಔಟರ್ ಕ್ರಿಟಿಕ್ಸ್ ಸರ್ಕಲ್, ಡ್ರಾಮಾ ಲೀಗ್ ಪ್ರಶಸ್ತಿಗಳು ಇವೆ. ಉಪಯೋಗ ಇದೆ, ಆದ್ರೆ ಅಲ್ಲಿ ಆಡೋ ತಂಡಗಳೂ ತೀರ್ಪುಗಾರರೂ ಬೇರೆ. 2013ರಲ್ಲಿ ಡ್ರಾಮಾ ಡೆಸ್ಕ್ 'ಮಟಿಲ್ಡಾ' ಕಡೆ ಹೋಯ್ತು, ಟೋನಿ 'ಕಿಂಕಿ ಬೂಟ್ಸ್'ಗೆ ಹೋಯ್ತು. 2004 ಇನ್ನೂ ಸ್ವಾರಸ್ಯ. ಸಿನಿಮಾ ಆಗಿ ನಮ್ಮೂರಿನ ಮಲ್ಟಿಪ್ಲೆಕ್ಸ್‌ಗೂ ಬಂದ 'ವಿಕೆಡ್' ಆ ವರ್ಷ ದೈತ್ಯ. 10 ಟೋನಿ ನಾಮಿನೇಷನ್, ಡ್ರಾಮಾ ಡೆಸ್ಕ್ ಕೂಡ ಅದಕ್ಕೇ. ಎದುರಿಗೆ ಬೊಂಬೆಗಳನ್ನ ಇಟ್ಟುಕೊಂಡು ಆಡುವ ಪುಟ್ಟ ನಾಟಕ 'ಅವೆನ್ಯೂ ಕ್ಯೂ'. ಅದು ಹಿಂದಿನ ವರ್ಷವೇ ಚಿಕ್ಕ ಥಿಯೇಟರ್‌ನಲ್ಲಿ ಆಡಿದ್ದರಿಂದ ಆ ವರ್ಷದ ಡ್ರಾಮಾ ಡೆಸ್ಕ್ ಸ್ಪರ್ಧೆಯಲ್ಲೇ ಇರಲಿಲ್ಲ. ಅದು ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವರ್ಷ ಬೇರೆ. ಅವರೂ ಚುನಾವಣೆ ಥರವೇ ಪ್ರಚಾರ ಮಾಡಿದ್ರು, 'ನಿಮ್ಮ ಹೃದಯ ಹೇಳಿದಂತೆ ಮತ ಹಾಕಿ' ಅಂತ. ಅತ್ಯುತ್ತಮ ಮ್ಯೂಸಿಕಲ್ 'ಅವೆನ್ಯೂ ಕ್ಯೂ'! ಸೋತ 'ವಿಕೆಡ್' ಇಪ್ಪತ್ತು ವರ್ಷ ದಾಟಿದ ಮೇಲೂ ಬ್ರಾಡ್‌ವೇನಲ್ಲಿ ಆಡ್ತಾನೇ ಇತ್ತು ಅನ್ನೋದು ಬೇರೆ ಮಾತು.

ಪೈಪೋಟಿ ಜಾಸ್ತಿ ಇರುವ ಸೀಸನ್‌ನಲ್ಲಿ ಊಹೆ ಯಾಕೆ ಇಷ್ಟು ಕಷ್ಟ? ಇಲ್ಲಿ ಸ್ವಲ್ಪ ಗಣಿತ ಬೇಕು, ಗಾಬರಿ ಬೇಡ. 800 ಮತದಾರರು, 5 ನಾಮಿನಿಗಳು ಅಂದ್ಕೊಳ್ಳಿ. ಎಲ್ಲರಿಗಿಂತ ಒಂದು ಓಟು ಹೆಚ್ಚು ಬಂದವರು ಗೆದ್ದ ಹಾಗೆ. ಓಟುಗಳು ಸಮವಾಗಿ ಹಂಚಿಹೋದ್ರೆ 161 ಓಟು ಸಾಕು! ಉಳಿದ 639 ಜನ ಬೇರೆಯವರನ್ನ ಇಷ್ಟಪಟ್ಟಿದ್ದರೂ ಟ್ರೋಫಿ ಇವರದ್ದೇ. ನಮ್ಮ ತ್ರಿಕೋನ ಸ್ಪರ್ಧೆಯ ಕ್ಷೇತ್ರಗಳಲ್ಲಿ ಆಗೋದೂ ಇದೇ ಅಲ್ವಾ? 'ಹ್ಯಾಮಿಲ್ಟನ್' ಥರ ಅಲೆ ಇರುವ ವರ್ಷ ಯಾರು ಬೇಕಾದ್ರೂ ಭವಿಷ್ಯ ಹೇಳಬಹುದು. ಮೂರು ನಾಟಕ ಸಮಬಲ ಇರುವ ವರ್ಷ ಹತ್ತಿಪ್ಪತ್ತು ಜನ ಮನಸ್ಸು ಬದಲಾಯಿಸಿದ್ರೆ ಫಲಿತಾಂಶ ತಲೆಕೆಳಗು.

ಎರಡನೇ ಲೆಕ್ಕ. ನೀವು ಬಹಳ ಬುದ್ಧಿವಂತರು, ಒಂದೊಂದು ವಿಭಾಗದಲ್ಲೂ ನಿಮ್ಮ ಊಹೆ ಸರಿಯಾಗೋ ಸಾಧ್ಯತೆ ಶೇಕಡ 80 ಅಂತಿಟ್ಟುಕೊಳ್ಳಿ. ಹತ್ತು ವಿಭಾಗಗಳಲ್ಲಿ ಹತ್ತೂ ಸರಿಯಾಗೋ ಸಾಧ್ಯತೆ ಎಷ್ಟು? 0.8ನ್ನ ಹತ್ತು ಸಲ ಗುಣಿಸಿ. ಬರೋದು ಶೇಕಡ 11ಕ್ಕಿಂತ ಕಮ್ಮಿ! ಶೇಕಡ 90 ನಿಖರತೆ ಇದ್ದರೂ ಹತ್ತಕ್ಕೆ ಹತ್ತು ಬರೋದು ಶೇಕಡ 35ರಷ್ಟು ಮಾತ್ರ. ಹಾಗಾಗಿ ಹತ್ತರಲ್ಲಿ ಎಂಟು ಹೇಳಿದವರು ದಡ್ಡರಲ್ಲ, ಹತ್ತಕ್ಕೆ ಹತ್ತು ಹೇಳಿದವರು ತ್ರಿಕಾಲಜ್ಞಾನಿಗಳೂ ಅಲ್ಲ. ಸಾವಿರಾರು ಜನ ಊಹೆ ಮಾಡಿದಾಗ ಒಬ್ಬರಿಗಾದರೂ ಪೂರ್ತಿ ಹೊಡೆದೇ ಹೊಡೆಯುತ್ತೆ. ಮರುದಿನ ನಾವು ಟಿವಿಯವರು ಕ್ಯಾಮೆರಾ ಹಿಡಿದು ಹೋಗೋದು ಆ ಒಬ್ಬರ ಮನೆಗೇ!

ಹೆಸರು, ಹಳೆಯ ದಾಖಲೆ ನೋಡಿ ಊಹಿಸೋದೂ ಅಪಾಯ. ಆಡ್ರಾ ಮೆಕ್‌ಡೊನಾಲ್ಡ್ ಆರು ಟೋನಿ ಗೆದ್ದ ನಟಿ. ಅಭಿನಯಕ್ಕೆ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ. 2025ರಲ್ಲಿ 'ಜಿಪ್ಸಿ' ನಾಟಕಕ್ಕೆ ಅವರಿಗೆ 11ನೇ ನಾಮಿನೇಷನ್ ಬಂತು. ಗೆದ್ದಿದ್ದು 'ಸನ್‌ಸೆಟ್ ಬುಲೆವಾರ್ಡ್' ನಾಟಕದ ನಿಕೋಲ್ ಶೆರ್ಜಿಂಗರ್. ಪಾಪ್ ಗಾಯಕಿಯಾಗಿ ಹೆಸರು ಮಾಡಿದವರು, ಅದು ಅವರ ಮೊದಲ ಬ್ರಾಡ್‌ವೇ ನಾಟಕ. ಅದೇ ಪಾತ್ರಕ್ಕೆ ಲಂಡನ್‌ನಲ್ಲಿ ಆಲಿವಿಯರ್ ಪ್ರಶಸ್ತಿ ಪಡೆದು ಬಂದಿದ್ರು. ಆ ಸುಳಿವನ್ನ ಹಿಡಿದವರ ಊಹೆ ಸರಿಯಾಯ್ತು.

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು, ಬರೀ ಪ್ರಶಸ್ತಿ ತಾನೇ ಅಂತ ಕೇಳ್ತೀರಾ? ಬ್ರಾಡ್‌ವೇನಲ್ಲಿ ಟೋನಿ ಬರೀ ಶೋಕೇಸಿನ ವಸ್ತು ಅಲ್ಲ. 2025ರ ಜೂನ್ 8ರ ರಾತ್ರಿ ಪ್ರಶಸ್ತಿ ಕೊಟ್ರು. 7 ನಾಮಿನೇಷನ್ ಪಡೆದು ಒಂದೂ ಗೆಲ್ಲದ 'ಡೆಡ್ ಔಟ್‌ಲಾ' ಅದೇ ಜೂನ್ 29ಕ್ಕೆ ಬಂದ್ ಆಯ್ತು. 'ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್' ಕೂಡ ಅದೇ ದಿನ ಮುಚ್ಚಿತು. ಅದಕ್ಕೂ ಒಂದು ವಾರ ಮುಂಚೆ 'ಸ್ಮ್ಯಾಶ್'. ನಟರು, ವಾದ್ಯದವರು, ಲೈಟಿನವರು, ಬಟ್ಟೆ ಇಸ್ತ್ರಿ ಮಾಡೋರು, ಬಾಗಿಲಲ್ಲಿ ಟಿಕೆಟ್ ಹರಿಯೋರು, ಎಲ್ಲರ ಸಂಬಳ ಅಲ್ಲಿಗೆ ನಿಂತಿತು. ಅದೇ 'ಮೇಬಿ ಹ್ಯಾಪಿ ಎಂಡಿಂಗ್' ನೋಡಿ. ಹಳೆಯದಾದ ಎರಡು ರೋಬೋಟ್‌ಗಳ ಪ್ರೇಮಕಥೆ, ಮೊದಲು ಆಡಿದ್ದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ. ಬ್ರಾಡ್‌ವೇಗೆ ಬಂದ ಶುರುವಿನಲ್ಲಿ ಟಿಕೆಟ್ ಮಾರಾಟ ಸಪ್ಪೆ. ಜನರ ಬಾಯಿಂದ ಬಾಯಿಗೆ ಹೆಸರು ಹರಡಿತು, 6 ಟೋನಿ ಬಂತು.

ಹಾಗಾಗಿ "ಇದು ಗೆಲ್ಲುತ್ತೆ, ಅದು ಸೋಲುತ್ತೆ" ಅನ್ನೋ ಮಾತಿಗೂ ತೂಕ ಇದೆ. ಮತದಾರರೂ ಪತ್ರಿಕೆ ಓದ್ತಾರೆ, ಟಿವಿ ನೋಡ್ತಾರೆ. ಟಿಕೆಟ್ ಕೊಳ್ಳೋರೂ ಅಷ್ಟೇ. ಸೋಲೋ ಕುದುರೆ ಅಂತ ನಾಲ್ಕು ಜನ ಹಣೆಪಟ್ಟಿ ಕಟ್ಟಿದ್ರೆ ಐದನೆಯವರು ಅದನ್ನ ನೋಡೋಕೂ ಹೋಗೋದಿಲ್ಲ.

ನ್ಯೂಜೆರ್ಸಿಯಲ್ಲಿ ಮಕ್ಕಳ ಮನೆಗೆ ಹೋಗಿ ಬ್ರಾಡ್‌ವೇ ನಾಟಕ ನೋಡಿ ಬರೋ ನಮ್ಮ ವೀಕ್ಷಕರು ಎಷ್ಟೋ ಜನ ಇದ್ದಾರೆ. ಮುಂದಿನ ಸಲ ನೀವೂ ಒಂದು ಪಟ್ಟಿ ಮಾಡಿ. ಆದ್ರೆ ಹೆಸರು ಮಾತ್ರ ಬರೀಬೇಡಿ, ಹೆಸರಿನ ಮುಂದೆ ಶೇಕಡ ಎಷ್ಟು ನಂಬಿಕೆ ಅಂತಲೂ ಬರೀರಿ. ಫಲಿತಾಂಶ ಬಂದ ಮೇಲೆ ಆ ಚೀಟಿ ಹರಿಯಬೇಡಿ, ತೆಗೆದು ನೋಡಿ. ಶೇಕಡ 80 ಅಂತ ಬರೆದಿದ್ದು ಹತ್ತರಲ್ಲಿ ಎಂಟು ಸಲ ಸರಿಯಾಗಿದ್ರೆ ನಿಮ್ಮ ಲೆಕ್ಕ ಪಕ್ಕಾ. ಹತ್ತರಲ್ಲಿ ಐದೇ ಸರಿಯಾಗಿದ್ರೆ, ನಿಮ್ಮ ಧೈರ್ಯ ಜಾಸ್ತಿ, ಮಾಹಿತಿ ಕಮ್ಮಿ ಅಂತ ಅರ್ಥ.

ಇದೇ ಪ್ರಶ್ನೆಯನ್ನ ಭವಿಷ್ಯ ಹೇಳೋ ಪ್ರತಿಯೊಬ್ಬರಿಗೂ ಕೇಳಿ. ನಾಟಕ ಆಗಲಿ, ಕ್ರಿಕೆಟ್ ಆಗಲಿ, ಎಲೆಕ್ಷನ್ ಆಗಲಿ: "ಎಷ್ಟು ಶೇಕಡ ಖಾತ್ರಿ ಸ್ವಾಮಿ? ಹೋದ ಸಲ ಹೇಳಿದ್ದು ಎಷ್ಟು ಸರಿಯಾಯ್ತು?" ನಮ್ಮ ಸ್ಟುಡಿಯೋದಲ್ಲಿ ಕೂತವರಿಗೂ ಕೇಳಿ. ನನಗೂ ಕೇಳಿ.