ಗೇಮ್ ಬಾಯ್‌ಗೆ ಬೇರೆ ಕೈ

ಮೆಟ್ಟಿಲು ಹತ್ತುವಾಗಲೇ ಬೆಸುಗೆಯ ಹೊಗೆ ಮೂಗಿಗೆ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹತ್ತಿರದ ಒಂದು ಓಣಿ, ಮೊದಲ ಮಹಡಿ, ಉದ್ದನೆಯ ಕೋಣೆ. ಹೊರಗೆ ಬೋರ್ಡ್ ಇಲ್ಲ. ಇಲ್ಲಿ ಹಳೆಯ ಗೇಮ್ ಬಾಯ್‌ಗಳಿಗೆ ಬೇರೆ ಕಂಟ್ರೋಲರ್ ಜೋಡಿಸಿಕೊಡುತ್ತಾರೆ. ಅಂಗೈಯಲ್ಲಿ ಹಿಡಿದು ಆಡಲೆಂದೇ ಮಾಡಿದ ಯಂತ್ರಕ್ಕೆ ವೈರಿನ ಕಂಟ್ರೋಲರ್ ಯಾಕಪ್ಪಾ ಎಂದುಕೊಂಡೇ ಒಳಗೆ ಕಾಲಿಟ್ಟೆ.

ಬಾಗಿಲ ಪಕ್ಕದ ಮೇಜಿನಲ್ಲಿ ಬಿಚ್ಚುವ ಕೆಲಸ. 1989ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಬೂದು ಬಣ್ಣದ ಮೊದಲ ಮಾದರಿಗಳು ಸಾಲಾಗಿ ಬೋರಲು ಮಲಗಿದ್ದವು. ಹಿಂಬದಿಯ ಸ್ಕ್ರೂಗಳ ತಲೆಯಲ್ಲಿ ಮೂರು ಸೀಳು. ಮನೆಯ ಸ್ಕ್ರೂಡ್ರೈವರ್ ಅಲ್ಲಿ ಕೂರುವುದಿಲ್ಲ. ನಾಲ್ಕು ಎಎ ಸೆಲ್ ಕೂರುವ ಜಾಗದಲ್ಲಿ ಬಹುತೇಕ ಎಲ್ಲದಕ್ಕೂ ಕಿಲುಬು. ಸೋರಿದ ಆಲ್ಕಲೈನ್ ಸೆಲ್ಲಿನ ಕೊಳೆಗೆ ವಿನೆಗರ್ ಹಚ್ಚಿ ಉಜ್ಜುತ್ತಿದ್ದರು.

ಮುಂದಿನ ಮೇಜಿಗೆ ಬಂದರೆ ಯಂತ್ರ ಎರಡು ಹೋಳು. ಹಿಂದಿನ ಹೋಳಿನಲ್ಲಿ ಪ್ರೊಸೆಸರ್ ಮತ್ತು ಕ್ಯಾಸೆಟ್ ಹಾಕುವ ಜಾಗ, ಮುಂದಿನದರಲ್ಲಿ ಪರದೆ, ಸ್ಪೀಕರ್, ಗುಂಡಿಗಳು. ನಡುವೆ ಒಂದೇ ಒಂದು ರಿಬ್ಬನ್ ಕೇಬಲ್. ಗುಂಡಿಗಳ ಕೆಳಗಿನ ರಬ್ಬರಿನ ತಳದಲ್ಲಿ ಕಪ್ಪು ಕಾರ್ಬನ್ ಬಿಲ್ಲೆಗಳಿವೆ. ಒತ್ತಿದಾಗ ಅವು ಬೋರ್ಡಿನ ಮೇಲಿನ ಎರಡು ಗೆರೆಗಳನ್ನು ಕೂಡಿಸುತ್ತವೆ. ಅಷ್ಟೇ. ಯಂತ್ರಕ್ಕೆ ಬೆರಳೂ ಗೊತ್ತಿಲ್ಲ, ಗುಂಡಿಯೂ ಗೊತ್ತಿಲ್ಲ.

ಇಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಗುಂಡಿಗಳು ಎಂಟು: ದಿಕ್ಕಿಗೆ ನಾಲ್ಕು, ಜೊತೆಗೆ ಎ, ಬಿ, ಸೆಲೆಕ್ಟ್, ಸ್ಟಾರ್ಟ್. ಆದರೆ ಪ್ರೊಸೆಸರಿಗೆ ಹೋಗುವ ಗೆರೆಗಳು ಎಂಟಲ್ಲ, ಆರು. ನಾಲ್ಕು ಗೆರೆಗಳಲ್ಲಿ ಉತ್ತರ ಬರುತ್ತದೆ, ಉಳಿದ ಎರಡರಲ್ಲಿ ಪ್ರಶ್ನೆ ಹೋಗುತ್ತದೆ. ಯಂತ್ರ ಮೊದಲು ಒಂದು ಗೆರೆಯ ವೋಲ್ಟೇಜ್ ಇಳಿಸಿ ದಿಕ್ಕುಗಳನ್ನು ವಿಚಾರಿಸುತ್ತದೆ, ಆಮೇಲೆ ಇನ್ನೊಂದನ್ನು ಇಳಿಸಿ ಉಳಿದ ನಾಲ್ಕನ್ನು. ಉತ್ತರಕ್ಕೆ ಎರಡು ಸಲವೂ ಅವೇ ನಾಲ್ಕು ಗೆರೆ.

ಪಕ್ಕದಲ್ಲೇ ಬಿಚ್ಚಿಟ್ಟಿದ್ದ ಎನ್‌ಇಎಸ್ ಎಂಬ ಟಿವಿ ಗೇಮಿನ ಕಂಟ್ರೋಲರ್ ನೋಡಿ. ಅದರಲ್ಲೂ ಅವೇ ಎಂಟು ಗುಂಡಿಗಳು, ಹೆಸರೂ ಅವೇ. ಎರಡು ತಂತಿ ಸೇರಿಸಿಬಿಟ್ಟರಾಯಿತಲ್ಲ ಅನ್ನಿಸುತ್ತದೆ. ಆಗುವುದಿಲ್ಲ. ಅದರೊಳಗೆ 4021 ಎಂಬ ಚಿಪ್ ಇದೆ. ಎಂಟೂ ಗುಂಡಿಗಳ ಸ್ಥಿತಿಯನ್ನು ಅದು ಒಂದೇ ಏಟಿಗೆ ಹಿಡಿದುಕೊಂಡು, ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ ಎಂಬ ಕ್ರಮದಲ್ಲಿ ಒಂದೇ ತಂತಿಯಲ್ಲಿ ಒಂದೊಂದಾಗಿ ಹೊರಬಿಡುತ್ತದೆ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಅಗ್ಗದ ಟಿವಿ ಗೇಮ್‌ಗಳದ್ದೂ ಇದೇ ಪದ್ಧತಿ. ಅಲ್ಲಿ ಚಿಪ್ಪಿನ ಜಾಗದಲ್ಲಿ ದೃಷ್ಟಿಬೊಟ್ಟಿನಂಥ ಕಪ್ಪು ಅಂಟಿನ ಗುಪ್ಪೆ. ಅಂಥವೂ ಒಂದು ಡಬ್ಬಿ ತುಂಬ ಇದ್ದವು.

ಮೂರನೆಯ ಮೇಜಿನಲ್ಲಿ ಗೇಮ್ ಬಾಯನ್ನೂ ಇಂಥ ಕಂಟ್ರೋಲರನ್ನೂ ಹೊಂದಿಸುವ ಪುಟ್ಟ ಬೋರ್ಡ್ ತಯಾರಾಗುತ್ತಿತ್ತು. ಪ್ರೋಗ್ರಾಮ್ ತುಂಬಬಹುದಾದ ಆರ್ಡುಯಿನೊ ನ್ಯಾನೊ ಎಂಬ ಚಿಕ್ಕ ಕಂಪ್ಯೂಟರ್ ಒಂದು, ಜೊತೆಗೆ ಎರಡು 4066 ಚಿಪ್. ಒಂದೊಂದರಲ್ಲಿ ನಾಲ್ಕು ಎಲೆಕ್ಟ್ರಾನಿಕ್ ಸ್ವಿಚ್‌ಗಳಿರುವುದರಿಂದ ಎಂಟು ಗುಂಡಿಗೆ ಎರಡು ಸಾಕು. ನ್ಯಾನೊ ಕಂಟ್ರೋಲರನ್ನು ಓದುತ್ತದೆ, ಒತ್ತಿದ ಗುಂಡಿಗೆ ತಕ್ಕ ಸ್ವಿಚ್ ಮುಚ್ಚುತ್ತದೆ. ರಬ್ಬರ್ ಬಿಲ್ಲೆ ಮಾಡುತ್ತಿದ್ದ ಕೆಲಸವನ್ನೇ ಆ ಸ್ವಿಚ್ ಮಾಡುತ್ತದೆ. ಮೂಲ ಗುಂಡಿಗಳನ್ನು ಕಿತ್ತಿಲ್ಲವಾದ್ದರಿಂದ ಅವೂ ಕೆಲಸ ಮಾಡುತ್ತವೆ. ಗೇಮ್ ಬಾಯ್ ಒಳಗೂ ಕಂಟ್ರೋಲರಿಗೂ 5 ವೋಲ್ಟೇ ಆದ್ದರಿಂದ ವೋಲ್ಟೇಜ್ ಹೊಂದಿಸುವ ತಾಪತ್ರಯವಿಲ್ಲ.

ಕಂಟ್ರೋಲರಿನ ವೈರ್ ಸಿಕ್ಕಿಸುವ ಸಾಕೆಟ್ಟಿಗಾಗಿ ಬಾಡಿಯ ಕೆಳಅಂಚನ್ನು ಕೊರೆಯುತ್ತಾರೆ. ನನಗದು ಹಿಡಿಸಲಿಲ್ಲ. “ಬಾಡಿ ಹೊಸದು ಸಿಗುತ್ತೆ ಸಾರ್, ಬೋರ್ಡ್ ಸಿಗಲ್ಲ” ಎಂದರು ಕೊರೆಯುತ್ತಿದ್ದವರು. ಮಾತು ಸರಿ. ಆದರೂ ಹಿಡಿಸಲಿಲ್ಲ.

ಕಿಟಕಿಯ ಬಳಿ ಪರೀಕ್ಷೆಯ ಮೇಜು. ಕೂತು ಆಡಿ ನೋಡಿದೆ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲಿನ ಜಿಗಿತಕ್ಕೂ ನಡುವೆ ತಡವಿದ್ದಂತೆ ನನ್ನ ಹೆಬ್ಬೆರಳಿಗೆ ತಿಳಿಯಲಿಲ್ಲ. ಇನ್ನೂ ಚುರುಕಾದ ಹೆಬ್ಬೆರಳಿಗೆ ತಿಳಿದೀತೇನೋ. ಪರದೆ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ. ಅಷ್ಟರೊಳಗೆ ಕಂಟ್ರೋಲರನ್ನು ಹಲವು ಸಲ ಓದಬಹುದು. ನಿಜವಾದ ತೊಂದರೆ ಬೇರೆ ಕಡೆ ಇತ್ತು. ಈ ಪರದೆಗೆ ಸ್ವಂತ ಬೆಳಕಿಲ್ಲ. ಕೈಯಲ್ಲಿದ್ದಾಗ ಬೆಳಕಿನತ್ತ ವಾಲಿಸಿಕೊಂಡು ಆಡುತ್ತಿದ್ದೆವು, ಹಾಗೆ ವಾಲಿಸುತ್ತಿದ್ದೇವೆಂಬ ಅರಿವೇ ಇಲ್ಲದೆ. ಯಂತ್ರ ಮೇಜಿನ ಮೇಲೆ ಕೂತಾಗ ಆ ಅನುಕೂಲ ಹೋಯಿತು. ಅದಕ್ಕೇ ಇಲ್ಲಿ ಸ್ಟ್ಯಾಂಡಿನ ಜೊತೆ ಒಂದು ದೀಪ. ಉದ್ದದ ವೈರ್ ಇದ್ದರೂ ದೂರ ಕೂರುವಂತಿಲ್ಲ, 160ಕ್ಕೆ 144 ಚುಕ್ಕೆಗಳ ಪುಟ್ಟ ಪರದೆ ಕಾಣಬೇಕಲ್ಲ.

ಹಾಗಾದರೆ ಯಾರಿಗೆ ಇದು? ಉತ್ತರ ಕೊನೆಯ ಕಪಾಟಿನಲ್ಲಿತ್ತು. ಊಟದ ತಟ್ಟೆಯಷ್ಟು ಅಗಲದ ಹಲಗೆ, ಅದರ ಮೇಲೆ ಆರ್ಕೇಡ್ ಯಂತ್ರಗಳ ದೊಡ್ಡ ಗುಂಡಿಗಳು. ಗೇಮ್ ಬಾಯನ್ನು ಎರಡು ಕೈಯಲ್ಲಿ ಹಿಡಿಯಲಾಗದವರು, ಸಂಧಿವಾತದಿಂದ ಬೆರಳು ಮಡಿಸಲಾಗದವರು ಅಂಗೈಯಿಂದಲೇ ಒತ್ತಬಹುದು. ಬಾಡಿ ಕೊರೆದದ್ದರ ಬಗ್ಗೆ ನನ್ನ ಸಿಡಿಮಿಡಿ ಇಲ್ಲಿ ಸ್ವಲ್ಪ ಇಳಿಯಿತು.

ಈ ಹಲಗೆಯಿಂದ ಒಂದು ಹೊಸ ಪೇಚು. ಮೂಲ ಯಂತ್ರದಲ್ಲಿ ನಾಲ್ಕು ದಿಕ್ಕಿಗೂ ಒಂದೇ ಪ್ಲಾಸ್ಟಿಕ್ ಶಿಲುಬೆ. ಎಡ ಒತ್ತಿದರೆ ಬಲ ಮೇಲೇಳುತ್ತದೆ. ಬಿಡಿ ಗುಂಡಿಗಳಾದರೆ ಎಡ ಬಲ ಒಟ್ಟಿಗೆ ಒತ್ತಬಹುದು. ಅಂಥದ್ದನ್ನು ನಿರೀಕ್ಷಿಸದ ಕೆಲವು ಆಟಗಳು ಆಗ ದಿಕ್ಕೆಟ್ಟು ವರ್ತಿಸುತ್ತವೆ. ತಡೆಯುವ ಕೆಲಸ ನ್ಯಾನೊದೊಳಗಿನ ಪ್ರೋಗ್ರಾಮಿನದು. ಎರಡೂ ಬಂದರೆ ಎರಡನ್ನೂ ಬಿಟ್ಟುಬಿಡಬೇಕೆಂದು ಒಬ್ಬರು, ಕೊನೆಗೆ ಒತ್ತಿದ್ದೇ ನಡೆಯಬೇಕೆಂದು ಇನ್ನೊಬ್ಬರು ವಾದಿಸುತ್ತಿದ್ದರು. ನನ್ನ ಓಟು ಎರಡನೆಯವರಿಗೆ: ಎಡಗುಂಡಿಯಿಂದ ಅಂಗೈ ಎತ್ತುವುದು ತಡವಾದರೂ ಬಲಕ್ಕೆ ಹೊರಟವನು ನಿಂತುಬಿಡುವುದಿಲ್ಲ.