ಬಂಗಾರದ ನಾಡಿನಲ್ಲಿ ನೀರಿನ ಪ್ರಶ್ನೆ

ಭೂಮಿಯೊಳಗಿನ ಸಂಪತ್ತನ್ನು ಶೋಧಿಸುವದರಲ್ಲಿ ಮಾನವನು ತೋರಿದ ಉತ್ಸಾಹವನ್ನು, ಅದೇ ಭೂಮಿಯಿಂದ ತನಗೊದಗಬಹುದಾದ ಕೇಡನ್ನು ಅರಿಯುವದರಲ್ಲಿ ತೋರಿಸಿಲ್ಲ. ಈ ಮಾತಿಗೆ ನಿದರ್ಶನವನ್ನು ಹುಡುಕುತ್ತ ನಮ್ಮ ವಾಚಕರು ದೂರ ಹೋಗಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರು ತಾಲೂಕುಗಳನ್ನು ನೋಡಿದರೆ ಸಾಕು. ಕೃಷ್ಣಾ-ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನ ಕಲ್ಲುಗಳನ್ನು ದೇಶ-ವಿದೇಶದ ಶಾಸ್ತ್ರಜ್ಞರು ಒಂದು ಶತಮಾನಕ್ಕೂ ಮಿಕ್ಕಿ ಪರೀಕ್ಷಿಸುತ್ತ ಬಂದಿದ್ದಾರೆ. ಆ ಕಲ್ಲುಗಳ ಸಂದಿಯಿಂದ ಬರುವ ನೀರನ್ನು ಕುಡಿದು ಬದುಕುವ ಜನರಿಗೆ ಆ ಪರೀಕ್ಷೆಯ ಫಲವೇನು ದೊರೆಯಿತು, ಮುಂದೆ ಏನು ದೊರೆಯಬೇಕು ಎಂಬದು ಇಂದಿನ ನಮ್ಮ ವಿಚಾರ.

ಬ್ರೂಸ್ ಫೂಟ್ ಎಂಬ ಆಂಗ್ಲ ಭೂಗರ್ಭಶಾಸ್ತ್ರಜ್ಞನು 1880ರ ದಶಕದಲ್ಲಿ ದಕ್ಷಿಣ ಹಿಂದುಸ್ಥಾನದ ಬಂಗಾರದ ಕಲ್ಲುಗಳಿಗೆ ಧಾರವಾಡ ಶಿಲಾಶ್ರೇಣಿಯೆಂದು ಹೆಸರಿಟ್ಟನು. ಹಟ್ಟಿಯಿಂದ ಮಸ್ಕಿಯ ವರೆಗೆ ಹಬ್ಬಿರುವ ಶಿಲಾಪಟ್ಟಿಯು ಆ ಶ್ರೇಣಿಗೇ ಸೇರಿದ್ದು. ಅದರ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚಿನದು. ಆದರೆ ಪಾಶ್ಚಾತ್ಯರು ಬರುವದಕ್ಕೆ ಎಷ್ಟೋ ಮೊದಲೇ ನಮ್ಮ ಪೂರ್ವಿಕರು ಇಲ್ಲಿಯ ಬಂಗಾರವನ್ನು ಬಲ್ಲವರಾಗಿದ್ದರು. ಹಟ್ಟಿಯ ಹಳೆಯ ಗಣಿಗಳು ಸುಮಾರು 640 ಅಡಿಗಳಷ್ಟು ಆಳಕ್ಕೆ ಇಳಿದಿದ್ದವು. ಅವುಗಳಲ್ಲಿ ಸಿಕ್ಕಿದ ಕಟ್ಟಿಗೆಯ ವಯಸ್ಸು ಸುಮಾರು ಎರಡು ಸಾವಿರ ವರ್ಷಗಳೆಂದು ಆಧುನಿಕ ಪರೀಕ್ಷೆಯಿಂದ ಗೊತ್ತಾಗಿದೆ. ಸಿಡಿಮದ್ದಿಲ್ಲದ, ಯಂತ್ರವಿಲ್ಲದ ಆ ಕಾಲದಲ್ಲಿ ಇಷ್ಟು ಆಳಕ್ಕೆ ಇಳಿದವರ ಸಾಹಸಕ್ಕೆ ಯಾರಾದರೂ ತಲೆದೂಗಬೇಕು. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಕಂಡುಹಿಡಿದ ಶಾಸನದಿಂದಲೇ ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬದಕ್ಕೆ ಶಿಲೆಯ ಸಾಕ್ಷ್ಯ ದೊರಕಿತೆಂಬದನ್ನು ಚರಿತ್ರೆಯನ್ನು ಓದಿದವರೆಲ್ಲರೂ ಬಲ್ಲರು. ಈಚಿನ ವರ್ಷಗಳಲ್ಲಿ ಅಮೇರಿಕಾ, ಕೆನಡಾ ಮತ್ತು ಭಾರತದ ವಿದ್ವಾಂಸರು ಕೂಡಿ ಅದೇ ಮಸ್ಕಿಯ ಸುತ್ತಲಿನ ಪ್ರಾಚೀನ ವಸತಿಗಳನ್ನು ಅಭ್ಯಸಿಸಿದ್ದಾರೆ. ಹೀಗೆ ಪರರಾಷ್ಟ್ರಗಳ ವಿದ್ಯೆಯು ಈ ನೆಲಕ್ಕೆ ಹೊಸದಲ್ಲ. ಅದರಿಂದ ನಮಗೆ ಉಪಕಾರವಾಗಿಲ್ಲವೆಂದು ಹೇಳುವದೂ ನ್ಯಾಯವಲ್ಲ.

ಆದರೆ ಬಂಗಾರವು ಒಂಟಿಯಾಗಿ ಇರುವದಿಲ್ಲ. ಬಂಗಾರವಿರುವ ಬೆಣಚುಕಲ್ಲಿನ ಎಳೆಗಳಲ್ಲಿ ಗಂಧಕ ಮತ್ತು ಕಬ್ಬಿಣಗಳೊಡನೆ ಬೆರೆತ ಆರ್ಸೆನಿಕ್ ಇರುವದು. ಹಳ್ಳಿಗರು ಸೋಮಲವೆಂದು ಕರೆಯುವ ಪಾಷಾಣಕ್ಕೆ ಇದೇ ಮೂಲಧಾತು. ಕಲ್ಲಿನೊಳಗೆ ಅದು ಬಂದಿಯಾಗಿರುವ ವರೆಗೆ ಅಪಾಯವಿಲ್ಲ. ಕಲ್ಲನ್ನು ಒಡೆದು, ಅರೆದು, ಬಂಗಾರವನ್ನು ತೆಗೆದುಕೊಂಡು ಉಳಿದ ಪುಡಿಯನ್ನು ಬಯಲಿಗೆ ಸುರಿದಾಗ ಗಾಳಿಯೂ ಮಳೆಯೂ ಅದಕ್ಕೆ ತಗಲಿ ಆ ವಿಷವು ಬಿಡುಗಡೆ ಹೊಂದುವದು. ಅಗೆಯದ ಕಲ್ಲಿನೊಳಗಿಂದಲೂ ಅದು ಮೆಲ್ಲಮೆಲ್ಲನೆ ನೀರಿಗೆ ಇಳಿಯಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರನ್ನು ಕಾಯಿಸಿದರೆ ಅದು ಹೋಗುವದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ವಿಷದ ಪ್ರಮಾಣವು ಹೆಚ್ಚುವದು.

ಇದು ಬರಿಯ ಊಹೆಯ ಮಾತಲ್ಲವೆಂಬದಕ್ಕೆ ಕೃಷ್ಣೆಯ ಆಚೆಯ ದಡದಲ್ಲಿಯೇ ಪುರಾವೆ ಇದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಹಳೆಯ ಬಂಗಾರದ ಗಣಿಯಿದೆ. ಅದರ ಸಮೀಪದ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳಲ್ಲಿ ಗಂಟುಗಳೂ ಮೈಯಲ್ಲಿ ಕಪ್ಪು ಕಲೆಗಳೂ ಕಾಣಿಸಿಕೊಂಡವು. ಕಲಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ಸಂಶೋಧಕರು ಕರ್ನಾಟಕದ ವೈದ್ಯರೊಡನೆಯೂ ಪರದೇಶದ ಶಾಸ್ತ್ರಜ್ಞರೊಡನೆಯೂ ಕೂಡಿ ಈ ಪ್ರದೇಶವನ್ನು ಪರೀಕ್ಷಿಸಿ 2013ರಲ್ಲಿ ವರದಿಯನ್ನು ಪ್ರಕಟಿಸಿದರು. 59 ಕೊಳವೆ ಬಾವಿಗಳ ನೀರಿನಲ್ಲಿ ನೂರಕ್ಕೆ 79ರಷ್ಟು ಬಾವಿಗಳು ಸುರಕ್ಷಿತವಲ್ಲವೆಂದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು ಹೇಳುವ ಮಿತಿಯು ಲೀಟರಿಗೆ 10 ಮೈಕ್ರೋಗ್ರಾಂ. ಇಲ್ಲಿಯ ಒಂದು ಬಾವಿಯಲ್ಲಿ ಅದು 303ರ ವರೆಗೆ ಇತ್ತು. ಕೂದಲು-ಉಗುರುಗಳನ್ನು ಪರೀಕ್ಷೆಗೆ ಕೊಟ್ಟ 171 ಜನರಲ್ಲಿ ಒಬ್ಬರೂ ವಿಷದಿಂದ ಪಾರಾಗಿರಲಿಲ್ಲ. ತಪಾಸಣೆಗೆ ಒಳಗಾದ 181 ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಚರ್ಮದ ವಿಕಾರವಿತ್ತು. ಬಡ ಲಂಬಾಣಿ ಕುಟುಂಬಗಳ ಈ ದುರವಸ್ಥೆಯನ್ನು ಓದಿದ ಯಾವ ಅಧಿಕಾರಿಗೂ, ಅದೇ ಜಾತಿಯ ಶಿಲೆಗಳ ಮೇಲೆ ನಿಂತಿರುವ ಹಟ್ಟಿ-ಮಸ್ಕಿಯ ಸುತ್ತಲಿನ ಹಳ್ಳಿಗಳ ನೆನಪು ಬಾರದೆ ಇರಲಾರದು.

ಇಲ್ಲಿಯ ಸಂಕಟವು ಇದೊಂದೇ ಅಲ್ಲ. ಶಿಲಾಪಟ್ಟಿಯ ಸುತ್ತಲಿನ ಕಣಶಿಲೆಯಿಂದ ಫ್ಲೋರೈಡ್ ನೀರಿಗೆ ಇಳಿಯುವದು. ಮಳೆ ಕಡಿಮೆಯಾಗಿ, ನೀರು ಕಲ್ಲಿನ ಸಂದಿಗಳಲ್ಲಿ ಬಹುಕಾಲ ನಿಂತಷ್ಟೂ ಅದು ಹೆಚ್ಚುವದು. ಲಿಂಗಸುಗೂರು ತಾಲೂಕಿನ ಅನೇಕ ಹಳ್ಳಿಗಳಿಗೆ ಈ ಪಿಡುಗು ಚಿರಪರಿಚಿತವಾಗಿದೆ. ಮಕ್ಕಳ ಹಲ್ಲು ಕಂದುಗಟ್ಟುವದು, ದೊಡ್ಡವರ ಕೀಲುಗಳು ಬಿಗಿದು ಬೆನ್ನು ಬಾಗುವದು ಕರ್ಮಫಲವಲ್ಲ, ನೀರಿನ ಫಲ. ಅಂದಿನ ಮದ್ರಾಸು ಪ್ರಾಂತದಲ್ಲಿ ವೈದ್ಯರು ಈ ರೋಗವನ್ನು 1937ರಷ್ಟು ಹಿಂದೆಯೇ ವಿವರಿಸಿ ಬರೆದರು. ರೋಗದ ಕಾರಣವು ತಿಳಿದು ಎಂಟು ದಶಕಗಳು ಕಳೆದ ಮೇಲೂ ರೋಗವು ಉಳಿದಿರುವದೆಂದರೆ, ಕೊರತೆಯಿರುವದು ಜ್ಞಾನದಲ್ಲಿಯೋ ಅಥವಾ ಆ ಜ್ಞಾನವನ್ನು ಬಾವಿಯ ಕಟ್ಟೆಗೆ ಮುಟ್ಟಿಸುವದರಲ್ಲಿಯೋ ಎಂಬದನ್ನು ವಾಚಕರೇ ನಿರ್ಣಯಿಸಲಿ.

ಪರರಾಷ್ಟ್ರಗಳ ನೆರವು ಎಷ್ಟು ಸದುದ್ದೇಶದಿಂದ ಬಂದರೂ, ಪರೀಕ್ಷೆಯ ಎಚ್ಚರವು ಅದರ ಬೆನ್ನಿಗಿಲ್ಲದಿದ್ದರೆ ಏನಾಗುವದೆಂಬದನ್ನು ಬಂಗಾಳವು ಜಗತ್ತಿಗೆ ಕಲಿಸಿದೆ. ಪೂರ್ವ ಬಂಗಾಳವನ್ನು ಬಿಟ್ಟುಬಂದ ನಿರಾಶ್ರಿತರಲ್ಲಿ ಕೆಲವರು ನಮ್ಮ ಸಿಂಧನೂರು ತಾಲೂಕಿನ ಕ್ಯಾಂಪುಗಳಲ್ಲಿಯೇ ನೆಲೆಸಿದ್ದಾರೆ. ಅವರು ಬಿಟ್ಟುಬಂದ ನಾಡಿನಲ್ಲಿ, ಕೆರೆಯ ನೀರಿನಿಂದ ವಾಂತಿಭೇದಿ ಹರಡುವದನ್ನು ತಡೆಯಲೆಂದು ಯುನಿಸೆಫ್ ಮೊದಲಾದ ಸಂಸ್ಥೆಗಳ ಸಹಾಯದಿಂದ ಲಕ್ಷಾಂತರ ಕೊಳವೆ ಬಾವಿಗಳನ್ನು ತೋಡಲಾಯಿತು. ಆ ನೀರಿನಲ್ಲಿ ಆರ್ಸೆನಿಕ್ ಇದೆಯೋ ಇಲ್ಲವೋ ಎಂದು ಯಾರೂ ನೋಡಲಿಲ್ಲ. ಫಲವಾಗಿ ಕೋಟ್ಯವಧಿ ಜನರು ವಿಷಕ್ಕೆ ಗುರಿಯಾದರು. ನಮ್ಮ ಗಟ್ಟಿಕಲ್ಲಿನ ನಾಡುಗಳಿಗೂ 1967ರ ಬರಗಾಲದ ಸಮಯದಿಂದ ಅದೇ ಸಂಸ್ಥೆಯ ಸಹಾಯದಿಂದ ಕೊರೆಯುವ ಯಂತ್ರಗಳು ಬಂದವು. ಹಳ್ಳಿಹಳ್ಳಿಯಲ್ಲಿ ಕೈಪಂಪುಗಳು ನಿಂತವು. ಅವು ಬಾಯಾರಿದವರಿಗೆ ನೀರು ಕೊಟ್ಟವೆಂಬದು ನಿಜ, ಅದನ್ನು ಮರೆಯಲಾಗದು. ಆದರೆ ತೆರೆದ ಬಾವಿಯ ಮೇಲುನೀರನ್ನು ಬಿಟ್ಟು ಕಲ್ಲಿನ ಆಳದ ನೀರಿಗೆ ನಾವು ಕೈಯೊಡ್ಡಿದಂದಿನಿಂದ ಆ ಕಲ್ಲಿನ ಗುಣದೋಷಗಳೂ ನಮ್ಮ ಕೊಡಕ್ಕೆ ಬಂದವು.

ಇನ್ನು ಸಿಂಧನೂರಿನ ಕಡೆಗೆ ಬಂದರೆ, ಅಲ್ಲಿಯ ಕೇಡು ನೀರಿನ ಅಭಾವದಿಂದಲ್ಲ, ಅತಿಶಯದಿಂದ ಹುಟ್ಟಿದ್ದು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಜೋಳ, ಹತ್ತಿಗಳಂಥ ಮಿತನೀರಿನ ಬೆಳೆಗಳಿಗೆಂದು ಗೊತ್ತುಮಾಡಿದ ಎರೆಭೂಮಿಯಲ್ಲಿ ಬಹುಭಾಗವು ಭತ್ತದ ಗದ್ದೆಯಾಯಿತು. ಎರೆಯು ನೀರನ್ನು ಬೇಗ ಬಸಿದುಬಿಡುವ ಮಣ್ಣಲ್ಲ. ಕೆಳಗಿನ ನೀರು ಮೇಲಕ್ಕೇರಿತು, ಬಿಸಿಲಿಗೆ ಆರಿತು, ಉಪ್ಪು ಮಾತ್ರ ನೆಲದ ಮೇಲೆ ಬಿಳಿದಾಗಿ ಉಳಿಯಿತು. ಇದನ್ನೇ ರೈತರು ಸವುಳು-ಜವುಳು ಎನ್ನುವರು. ಸಮುದ್ರದ ಮಟ್ಟಕ್ಕಿಂತ ಕೆಳಗಿನ ನೆಲವನ್ನು ಬಸಿದು ಬೇಸಾಯ ಮಾಡುವ ಡಚ್ಚರು ಈ ವಿದ್ಯೆಯಲ್ಲಿ ಜಗತ್ತಿಗೆ ಗುರುಗಳು. 1990ರ ದಶಕದ ಮಧ್ಯದಿಂದ ಅವರ ವಾಗೆನಿಂಗೆನ್ ನಗರದ ಸಂಸ್ಥೆಯೂ, ಕರ್ನಾಲದ ಕೇಂದ್ರ ಲವಣಮಣ್ಣು ಸಂಶೋಧನ ಸಂಸ್ಥೆಯೂ, ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೂಡಿ ಗಂಗಾವತಿಯ ಕೇಂದ್ರದಿಂದ ಪ್ರಯೋಗಗಳನ್ನು ನಡಿಸಿದವು. ಹೊಲದ ಅಡಿಯಲ್ಲಿ ತೂತುಳ್ಳ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಬಸಿದು ಹೊರಗೆ ಬಿಡುವದು ಆ ಕ್ರಮದ ತಿರುಳು. ಕೊಳವೆಯನ್ನು ಹೂಳುವದು ಒಂದು ಸಲದ ಕೆಲಸ, ಬಸಿಗಾಲುವೆಯ ಹೂಳೆತ್ತುವದು ವರ್ಷವರ್ಷದ ಕೆಲಸ. ಒಬ್ಬ ರೈತನ ಉಪ್ಪುನೀರು ನೆರೆಯವನ ಬದುವನ್ನು ದಾಟಿಯೇ ಹೋಗಬೇಕು. ಹಾಲೆಂಡಿನೊಡನೆ ಸಹಕರಿಸಬಲ್ಲ ನಾವು ನೆರೆಹೊಲದವನೊಡನೆ ಸಹಕರಿಸದಿದ್ದರೆ ಆ ವಿದ್ಯೆಯು ಕಾಗದದಲ್ಲಿಯೇ ಉಳಿಯುವದು.

ಹಾಗಾದರೆ ಪರರಾಷ್ಟ್ರಗಳೊಡನೆ ನಡೆಯುವ ಸಂಶೋಧನವು ಹೇಗಿರಬೇಕು? ವಿದ್ಯೆಗೆ ಗಡಿಯಿಲ್ಲ, ಬೇರೆಯವರಿಂದ ಕಲಿಯುವದರಲ್ಲಿ ಅವಮಾನವಿಲ್ಲ. ಆದರೆ ನಮ್ಮ ನೆಲವನ್ನು ಬರಿಯ ಮಾದರಿಗಳ ಕಣಜವೆಂದೂ ನಮ್ಮ ಜನರನ್ನು ಬರಿಯ ಅಂಕಿಗಳೆಂದೂ ಎಣಿಸುವ ಸಂಬಂಧಕ್ಕೆ ಸಹಕಾರವೆಂದು ಹೆಸರಿಡಲಾಗದು. ಆದುದರಿಂದ ಸರಕಾರದವರೂ ವಿಶ್ವವಿದ್ಯಾಲಯದವರೂ ಇಂಥ ಪ್ರತಿಯೊಂದು ಒಪ್ಪಂದದಲ್ಲಿ ಮೂರು ಸಂಗತಿಗಳನ್ನು ಕಡ್ಡಾಯವಾಗಿ ಸೇರಿಸಬೇಕೆಂದು ನಾವು ಸೂಚಿಸುತ್ತೇವೆ. ಮೊದಲನೆಯದಾಗಿ, ಪರೀಕ್ಷೆಯ ಸಾಧನಗಳೂ ಅವನ್ನು ನಡಿಸಬಲ್ಲ ತರಬೇತಿ ಹೊಂದಿದ ತರುಣರೂ ಈ ಜಿಲ್ಲೆಯಲ್ಲಿಯೇ ಇರಬೇಕು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿರುವಾಗ ಇದು ಅಸಾಧ್ಯವಲ್ಲ. ಎರಡನೆಯದಾಗಿ, ಪ್ರತಿಯೊಂದು ಬಾವಿಯ ಫಲಿತಾಂಶವು ಕನ್ನಡದಲ್ಲಿ ಗ್ರಾಮ ಪಂಚಾಯತಿಯ ಫಲಕದ ಮೇಲೆ ಬರಬೇಕು. ಬಂಗ್ಲಾದೇಶದಲ್ಲಿ ಕೆಟ್ಟ ಪಂಪುಗಳಿಗೆ ಕೆಂಪು, ಒಳ್ಳೆಯವಕ್ಕೆ ಹಸಿರು ಬಣ್ಣ ಬಳಿದು ಓದುಬಾರದವರಿಗೂ ತಿಳಿಯುವಂತೆ ಮಾಡಿದರು. ನಮ್ಮಲ್ಲಿಯೂ ಅದಕ್ಕೆ ತಗಲುವ ವೆಚ್ಚವು ಒಂದು ಡಬ್ಬಿ ಬಣ್ಣದ್ದು. ಮೂರನೆಯದಾಗಿ, ಪರದೇಶದ ಹಣವು ತೀರಿದ ದಿನವೇ ಕೆಲಸವು ನಿಲ್ಲಬಾರದು. ಮಳೆಗಾಲದ ಮೊದಲೂ ಅನಂತರವೂ ನಡೆಯಬೇಕಾದ ಪರೀಕ್ಷೆಯ ವೆಚ್ಚವು ಸರಕಾರದ ಖಾಯಂ ಆಯವ್ಯಯದಲ್ಲಿ ಸೇರಬೇಕು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಮನೆಮನೆಗೆ ನಲ್ಲಿಯನ್ನು ಒಯ್ಯಲು ಹೊರಟಿತು. ಆದರೆ ನಲ್ಲಿಯನ್ನು ತಿರುವಿದರೆ ಬರುವದು ಯಾವ ನೀರೆಂಬದನ್ನು ಮನೆಯವರಿಗೆ ತಿಳಿಸುವ ಹೊಣೆಯು ನಲ್ಲಿ ಕೂಡಿಸಿದಷ್ಟರಿಂದ ತೀರುವದಿಲ್ಲ.

ಮಸ್ಕಿಯ ಗುಡ್ಡದ ಮೇಲಿನ ಶಾಸನದಲ್ಲಿ ಅಶೋಕನು, ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಾಮಾನ್ಯನೂ ಅದನ್ನು ಪಡೆಯಬಲ್ಲನೆಂದು ಸಾರಿದ್ದಾನೆ. ಆ ಮಾತನ್ನು ಅವನು ಅರಮನೆಯ ಕಡತದಲ್ಲಿ ಬರೆದಿಡಲಿಲ್ಲ. ಜನರಿಗೆ ಸಾರುವದಕ್ಕಾಗಿ ಬಂಡೆಯ ಮೇಲೆ ಕೊರೆಯಿಸಿದನು. ಇಂದಿನ ಶಾಸ್ತ್ರಜ್ಞರ ಮಾತು ಪರಭಾಷೆಯ ಪತ್ರಿಕೆಗಳಲ್ಲಿ ಅಚ್ಚಾಗುವದು, ಅದು ಶಾಸ್ತ್ರದ ರೀತಿ. ಅದನ್ನು ಅಲ್ಲಿಂದ ತಂದು ಕನ್ನಡದಲ್ಲಿ ಹೇಳುವ ಕೆಲಸವು ನಮ್ಮ ಅಧಿಕಾರಿಗಳದು, ಉಪಾಧ್ಯಾಯರದು, ವೈದ್ಯರದು. ಈ ಬೇಸಿಗೆಗೆ ಮೊದಲೇ ಮೂರೂ ತಾಲೂಕುಗಳ ಕುಡಿಯುವ ನೀರಿನ ಬಾವಿಗಳ ಪಟ್ಟಿಯನ್ನು ಪರೀಕ್ಷಾಫಲದೊಡನೆ ಪ್ರಕಟಿಸುವದರಿಂದ ಅದನ್ನು ಆರಂಭಿಸಬಹುದು. ಜಿಲ್ಲೆಯ ಅಧಿಕಾರಿಗಳು ಇದಕ್ಕೆ ಕೈಹಾಕಿದರೆ ವಿದ್ಯಾವಂತ ನಾಗರಿಕರು ಹಿಂದೆ ಬೀಳಲಾರರೆಂದು ನಮಗೆ ಭರವಸೆಯಿದೆ.